ಕೆಲಸದಲ್ಲಿ ಕೈಗೆ ಪೆಟ್ಟಾಯಿತು, ಮುಂದೇನು? ಬನಿಯನ್ ಕಂಪನಿ, ಮಿಲ್ಲು, ಮಗ್ಗದ ಕಾರ್ಮಿಕರು ತಿಳಿದಿರಬೇಕಾದ ಹಕ್ಕುಗಳು

ತಿರುಪ್ಪೂರಿನ ಬನಿಯನ್ ಕಂಪನಿಗಳು, ಪಲ್ಲಡಂ ಮತ್ತು ಸೋಮನೂರಿನ ಪವರ್‌ಲೂಮ್ ಶೆಡ್ಡುಗಳು, ಉಡುಮಲೈಪೇಟೆ, ಕೊಯಮತ್ತೂರು ಕಡೆಯ ಸ್ಪಿನ್ನಿಂಗ್ ಮಿಲ್ಲುಗಳು. ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಮಾತನಾಡುವ ನಮ್ಮ ಜನರಲ್ಲಿ ಬಹಳ ಮಂದಿಗೆ ಅನ್ನ ಕೊಡುತ್ತಿರುವುದು ಈ ಜಾಗಗಳೇ. ತಾಳವಾಡಿ, ಚಾಮರಾಜನಗರ ಕಡೆಯಿಂದ ಬಂದು ಕಂಪನಿ ಹಾಸ್ಟೆಲ್ಲಿನಲ್ಲಿ ಉಳಿದು ದುಡಿಯುವವರೂ ಇದ್ದಾರೆ. ಕಟಿಂಗ್ ಯಂತ್ರದ ಬ್ಲೇಡಿಗೆ ಬೆರಳು ಸಿಕ್ಕಿತು, ಮಿಲ್ಲಿನ ಯಂತ್ರದ ಬೆಲ್ಟು ಕೈ ಎಳೆದುಕೊಂಡಿತು, ಡೈಯಿಂಗ್‌ನಲ್ಲಿ ಬಿಸಿನೀರು ಕಾಲ ಮೇಲೆ ಬಿತ್ತು ಎಂಬ ಮಾತು ಇಲ್ಲಿ ಹೊಸದಲ್ಲ.

ಇಂಥ ಗಾಯವಾದಾಗ ಹಲವು ಕಡೆ ನಡೆಯುವುದು ಒಂದೇ ರೀತಿ. ಸೂಪರ್‌ವೈಸರ್ ಗಾಯಾಳುವನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಬಿಲ್ಲನ್ನು ಕಂಪನಿ ಕಟ್ಟುತ್ತದೆ. ಮನೆಗೆ ಹೋಗುವಾಗ ಹತ್ತಿಪ್ಪತ್ತು ಸಾವಿರ ರೂಪಾಯಿ ಕೈಗಿಟ್ಟು, ತಮಿಳಿನಲ್ಲಿ ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಮನೆಯವರು "ಮುದಲಾಳಿ ಒಳ್ಳೆಯವರು, ಆಸ್ಪತ್ರೆ ಖರ್ಚನ್ನೆಲ್ಲ ಅವರೇ ನೋಡಿಕೊಂಡರು" ಎಂದು ಸಮಾಧಾನಪಡುತ್ತಾರೆ. ಮುದಲಾಳಿ ನಿಜವಾಗಿಯೂ ಒಳ್ಳೆಯವರೇ ಇರಬಹುದು. ಆದರೆ ಕಾನೂನಿನ ಲೆಕ್ಕ ಬೇರೆ. ಆಸ್ಪತ್ರೆ ಖರ್ಚು ಬೇರೆ, ಪರಿಹಾರ ಬೇರೆ. ಮೊದಲನೆಯದನ್ನು ಕೊಟ್ಟ ಮಾತ್ರಕ್ಕೆ ಎರಡನೆಯದು ತೀರಿಹೋಗುವುದಿಲ್ಲ. ಆ ಎರಡನೆಯದು ಏನು, ಅದನ್ನು ಕಳೆದುಕೊಳ್ಳದಿರಲು ಮೊದಲ ದಿನವೇ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಯಿದೆ ಬದಲಾಗಿದೆ

ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಕಾನೂನು ನಮ್ಮಲ್ಲಿ 1923ರಿಂದಲೂ ಇದೆ. ಇಎಸ್‌ಐ ಕಾಯಿದೆ ಬಂದದ್ದು 1948ರಲ್ಲಿ. ತಮಿಳುನಾಡಿನಲ್ಲಿ ಇಎಸ್‌ಐ ಯೋಜನೆ ಮೊದಲು ಶುರುವಾದದ್ದೇ ನಮ್ಮ ಕೊಯಮತ್ತೂರಿನಲ್ಲಿ, 1955ರ ಜನವರಿಯಲ್ಲಿ. ಮಿಲ್ಲುಗಳ ಊರು ಎಂಬ ಕಾರಣಕ್ಕೆ ಆ ಮೊದಲ ಸರದಿ ಇಲ್ಲಿಗೆ ಬಂತು.

ಈಗ ಈ ಎರಡೂ ಹಳೆಯ ಕಾಯಿದೆಗಳ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇದು ಜಾರಿಯಾದದ್ದು 2025ರ ನವೆಂಬರ್ 21ರಂದು. ಹಾಗೆಂದು ಗಾಬರಿಪಡಬೇಕಿಲ್ಲ. ಹಳೆಯ ಕಾಯಿದೆಯ ಮುಖ್ಯ ಹಕ್ಕುಗಳು ಹೊಸ ಸಂಹಿತೆಯಲ್ಲೂ ಇವೆ. ಆ ದಿನಾಂಕಕ್ಕೂ ಮೊದಲು ಆದ ಅಪಘಾತದ ಹಕ್ಕು ಹಳೆಯ ಕಾಯಿದೆಯಂತೆಯೇ ಉಳಿಯುತ್ತದೆ.

ಗಾಯಗೊಂಡವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ನನಗೆ ಇಎಸ್‌ಐ ಇದೆಯೇ, ಇಲ್ಲವೇ? ಇದ್ದರೆ ಹಣ ಬರುವುದು ಇಎಸ್‌ಐ ನಿಗಮದಿಂದ. ಇಲ್ಲದಿದ್ದರೆ ಮಾಲೀಕರೇ ಕೊಡಬೇಕು. ಎರಡೂ ಕಡೆಯಿಂದ ಪಡೆಯಲು ಬರುವುದಿಲ್ಲ.

ಇಎಸ್‌ಐ ಇದ್ದರೆ

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆಗೆ ಇಎಸ್‌ಐ ಅನ್ವಯಿಸುತ್ತದೆ. ತಿಂಗಳಿಗೆ 21,000 ರೂ.ವರೆಗೆ ಸಂಬಳ ಇರುವವರು ಇದರಲ್ಲಿ ಸೇರುತ್ತಾರೆ. ಸಂಬಳದಲ್ಲಿ ಶೇ. 0.75 ನಿಮ್ಮಿಂದ, ಶೇ. 3.25 ಮಾಲೀಕರಿಂದ ಹೋಗುತ್ತದೆ. 12,000 ರೂ. ಸಂಬಳದವರಿಗೆ ತಿಂಗಳಿಗೆ 90 ರೂ. ಕಡಿತ, ಮಾಲೀಕರ ಪಾಲು 390 ರೂ. ನಿಮ್ಮ ಸಂಬಳದ ಚೀಟಿಯಲ್ಲಿ ಈ ಕಡಿತ ಇದ್ದರೆ ನಿಮಗೆ 10 ಅಂಕಿಯ ಇಎಸ್‌ಐ ನಂಬರ್ ಇರಲೇಬೇಕು. ಅದನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳು ಹಣ ಕಟ್ಟಿರಬೇಕು ಎಂಬ ಷರತ್ತು ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕು ಇದೆ. ಸಿಗುವ ಸೌಲಭ್ಯಗಳು ಹೀಗಿವೆ.

ಒಂದು, ಚಿಕಿತ್ಸೆ. ಕೊಯಮತ್ತೂರಿನಲ್ಲಿ ಸಿಂಗಾನಲ್ಲೂರಿನ ಸರಕಾರಿ ವೈದ್ಯಕೀಯ ಕಾಲೇಜು ಮತ್ತು ಇಎಸ್‌ಐ ಆಸ್ಪತ್ರೆ ಇದೆ. ತಿರುಪ್ಪೂರಿನಲ್ಲಿ 2019ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ ಇಎಸ್‌ಐ ಆಸ್ಪತ್ರೆ ಇದೆ. ಕೈಕಾಲು ಹೋದವರಿಗೆ ಕೃತಕ ಅಂಗವೂ ಸಿಗುತ್ತದೆ.

ಎರಡು, ಕೆಲಸಕ್ಕೆ ಹೋಗಲಾಗದ ದಿನಗಳ ಹಣ. ಸಾಮಾನ್ಯ ಕಾಯಿಲೆಗೆ ಇಎಸ್‌ಐ ಕೊಡುವುದು ಸಂಬಳದ ಶೇ. 70, ಅದೂ ವರ್ಷಕ್ಕೆ 91 ದಿನದವರೆಗೆ. ಆದರೆ ಕೆಲಸದಲ್ಲಾದ ಗಾಯಕ್ಕೆ ಶೇ. 90, ಗಾಯ ವಾಸಿಯಾಗುವವರೆಗೂ. 12,000 ರೂ. ಸಂಬಳದವರಿಗೆ ದಿನಕ್ಕೆ ಸುಮಾರು 360 ರೂ. 'ಕಾಯಿಲೆ' ಎಂದು ಬರೆಸುವುದಕ್ಕೂ 'ಕೆಲಸದಲ್ಲಿ ಗಾಯ' ಎಂದು ಬರೆಸುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಮೂರು, ಶಾಶ್ವತ ಊನಕ್ಕೆ ಜೀವಮಾನವಿಡೀ ಹಣ. ಗಾಯ ವಾಸಿಯಾದ ಮೇಲೆ ವೈದ್ಯಕೀಯ ಮಂಡಳಿ ನಿಮ್ಮನ್ನು ಪರೀಕ್ಷಿಸಿ, ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಗಿದೆ ಎಂದು ನಿರ್ಧರಿಸುತ್ತದೆ. ಇದಕ್ಕೆ ಕಾನೂನಿನಲ್ಲೇ ಪಟ್ಟಿ ಇದೆ. ಹೆಬ್ಬೆರಳು ಪೂರ್ತಿ ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14, ಅದರ ತುದಿಯ ಒಂದು ಗೆಣ್ಣು ಹೋದರೆ ಶೇ. 9, ಒಂದೇ ಕೈಯ ನಾಲ್ಕು ಬೆರಳು ಹೋದರೆ ಶೇ. 50. ಮೇಲಿನ ಉದಾಹರಣೆಯ ಕಾರ್ಮಿಕನ ಹೆಬ್ಬೆರಳು ಹೋಗಿದ್ದರೆ 360 ರೂ.ನಲ್ಲಿ ಶೇ. 30, ಅಂದರೆ ದಿನಕ್ಕೆ 108 ರೂ. ತಿಂಗಳಿಗೆ ಸುಮಾರು 3,240 ರೂ. ಆತ ಮತ್ತೆ ಅದೇ ಕಂಪನಿಯಲ್ಲಿ ಕೆಲಸಕ್ಕೆ ಹೋದರೂ ಇದು ನಿಲ್ಲುವುದಿಲ್ಲ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ಕಂಪನಿ ನಿಮ್ಮನ್ನು ಇಎಸ್‌ಐಗೆ ಸೇರಿಸಿಯೇ ಇಲ್ಲದಿದ್ದರೆ? ಸೇರಿಸುವುದು ಮಾಲೀಕರ ಕರ್ತವ್ಯ. ಅವರ ತಪ್ಪಿಗೆ ನಿಮ್ಮ ಹಕ್ಕು ಹೋಗಬಾರದು ಎಂಬುದೇ ಕಾನೂನಿನ ಉದ್ದೇಶ. ನಿಗಮವು ಕಾರ್ಮಿಕನಿಗೆ ಹಣ ಕೊಟ್ಟು ಅದನ್ನು ಮಾಲೀಕರಿಂದ ವಸೂಲು ಮಾಡಬಹುದು. ಆದರೆ ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ಪುರಾವೆ ಬೇಕು. ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್, ಕಂಪನಿ ಗುರುತಿನ ಚೀಟಿ, ಹಾಜರಿ ಕಾರ್ಡು, ಜೊತೆಯಲ್ಲಿ ಕೆಲಸ ಮಾಡುವವರ ಮಾತು, ಇವೆಲ್ಲ ಆಗ ಉಪಯೋಗಕ್ಕೆ ಬರುತ್ತವೆ.

ಇಎಸ್‌ಐ ಇಲ್ಲದಿದ್ದರೆ

ನಾಲ್ಕೈದು ಜನ ಕೆಲಸ ಮಾಡುವ ಸಣ್ಣ ಮಗ್ಗದ ಶೆಡ್ಡು, ಜಾಬ್ ವರ್ಕ್ ಘಟಕ ಇಎಸ್‌ಐಗೆ ಬರದೆ ಇರಬಹುದು. 21,000 ರೂ.ಗಿಂತ ಹೆಚ್ಚು ಸಂಬಳದವರೂ ಅದರಿಂದ ಹೊರಗೆ. ಇವರಿಗೆ ಪರಿಹಾರ ಕೊಡಬೇಕಾದವರು ಮಾಲೀಕರೇ. ಗುತ್ತಿಗೆದಾರನ ಮೂಲಕ ಪೀಸ್ ರೇಟ್‌ಗೆ ಹೋದವರು "ನಮಗೆ ಯಾರೂ ಇಲ್ಲ" ಎಂದುಕೊಳ್ಳಬೇಕಿಲ್ಲ. ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೂ ಜವಾಬ್ದಾರಿಯೇ. ಅದು ಕೊಟ್ಟ ಹಣವನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವರಿಬ್ಬರ ನಡುವಿನ ವಿಷಯ.

ಪರಿಹಾರದ ಲೆಕ್ಕ ಕಷ್ಟವೇನಲ್ಲ. ತಿಂಗಳ ಸಂಬಳದ ಶೇ. 60ನ್ನು ವಯಸ್ಸಿಗೆ ನಿಗದಿಯಾದ ಒಂದು ಅಂಕದಿಂದ ಗುಣಿಸಬೇಕು. ವಯಸ್ಸು ಕಡಿಮೆ ಇದ್ದಷ್ಟೂ ಅಂಕ ದೊಡ್ಡದು. 20 ವರ್ಷಕ್ಕೆ 224.00, 30ಕ್ಕೆ 207.98, 40ಕ್ಕೆ 184.17. ಮೊದಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವಯಸ್ಸು 30, ಸಂಬಳ 12,000 ರೂ. ಇದರ ಶೇ. 60 ಎಂದರೆ 7,200 ರೂ. ಅದನ್ನು 207.98ರಿಂದ ಗುಣಿಸಿದರೆ 14,97,456 ರೂ. ಇದು ಇನ್ನು ಯಾವ ಕೆಲಸವನ್ನೂ ಮಾಡಲಾಗದಷ್ಟು ಪೂರ್ಣ ಊನವಾದವರಿಗೆ. ಹೆಬ್ಬೆರಳು ಹೋದವರಿಗೆ ಇದರ ಶೇ. 30, ಅಂದರೆ ಸುಮಾರು 4,49,236 ರೂ. ತೋರುಬೆರಳಿನ ತುದಿಯ ಗೆಣ್ಣು ಹೋಗಿದ್ದರೆ ಶೇ. 9, ಸುಮಾರು 1,34,771 ರೂ.

ಈ ಅಂಕಿಗಳ ಪಕ್ಕದಲ್ಲಿ ಕೈಗಿಟ್ಟ ಹತ್ತಿಪ್ಪತ್ತು ಸಾವಿರವನ್ನು ಇಟ್ಟು ನೋಡಿ. ಇದರ ಮೇಲೆ ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕರು ಕೊಡಬೇಕು. ಆಸ್ಪತ್ರೆಗೆ ಕಟ್ಟಿದ ಹಣವನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ. ವಾಸಿಯಾಗುವ ಗಾಯವಾದರೆ ಕೆಲಸಕ್ಕೆ ಹೋಗಲಾಗದ ಅವಧಿಗೆ ಹದಿನೈದು ದಿನಕ್ಕೊಮ್ಮೆ, ತಿಂಗಳ ಸಂಬಳದ ಶೇ. 25ರಂತೆ ಕೊಡಬೇಕು. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ ಅರ್ಧದಷ್ಟರವರೆಗೆ ದಂಡವನ್ನೂ ಹಾಕಬಹುದು.

ಮೊದಲ ದಿನದ ಕಾಗದ

ಹಕ್ಕು ಎಷ್ಟೇ ದೊಡ್ಡದಿದ್ದರೂ ಅದು ನಿಲ್ಲುವುದು ಮೊದಲ ದಿನದ ಕಾಗದದ ಮೇಲೆ. ಆಸ್ಪತ್ರೆಯ ಬಾಗಿಲಲ್ಲಿ "ಗಾಡಿಯಿಂದ ಬಿದ್ದೆ ಅಂತ ಹೇಳಪ್ಪ, ಇಲ್ಲಾಂದ್ರೆ ಪೊಲೀಸ್ ಗೀಲೀಸ್ ಅಂತ ಅಲೆಯಬೇಕಾಗುತ್ತೆ" ಎಂದು ಜೊತೆಗೆ ಬಂದವರು ಹೇಳಿಕೊಡುವುದುಂಟು. ನೋವಿನಲ್ಲಿರುವವರು ಹೂಂ ಎನ್ನುತ್ತಾರೆ. ಡಾಕ್ಟರು ಹಾಗೆಯೇ ಬರೆಯುತ್ತಾರೆ. ಆರು ತಿಂಗಳ ನಂತರ ಪರಿಹಾರ ಕೇಳಿದಾಗ ಎದುರು ಪಕ್ಷದ ವಕೀಲರು ಮೊದಲು ತೋರಿಸುವುದು ಆ ಒಂದು ಸಾಲನ್ನು.

ಆದ್ದರಿಂದ ಎಲ್ಲಿ, ಎಷ್ಟು ಗಂಟೆಗೆ, ಯಾವ ಯಂತ್ರದಲ್ಲಿ ಪೆಟ್ಟಾಯಿತು ಎಂಬುದನ್ನು ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಬೇಕು. ಗಾಯಾಳುವಿಗೆ ಮಾತನಾಡಲಾಗದಿದ್ದರೆ ಮನೆಯವರು ಹೇಳಬೇಕು. ಆಸ್ಪತ್ರೆಯ ಆಕ್ಸಿಡೆಂಟ್ ರಿಜಿಸ್ಟರಿನ ನಕಲು, ಅಂದರೆ ಎಲ್ಲರೂ 'ಎ.ಆರ್. ಕಾಪಿ' ಎನ್ನುವ ಕಾಗದವನ್ನು, ಕೇಳಿ ಪಡೆಯಬೇಕು. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಔಷಧಿ ಚೀಟಿ ಯಾವುದನ್ನೂ ಕಂಪನಿಯವರ ಕೈಗೆ ಪೂರ್ತಿ ಕೊಡಬೇಡಿ. ಕೊಡುವುದಾದರೆ ಜೆರಾಕ್ಸ್ ಕೊಡಿ, ಮೂಲ ನಿಮ್ಮಲ್ಲಿರಲಿ.

ಗಾಯ ಗಂಭೀರವಾಗಿದ್ದರೆ ಠಾಣೆಗೆ ದೂರು ಕೊಟ್ಟು ಸಿ.ಎಸ್.ಆರ್. ರಶೀದಿ ಪಡೆಯಿರಿ. ಕಂಪನಿಯಲ್ಲಿ ಅಪಘಾತದ ಪುಸ್ತಕ ಇರುತ್ತದೆ, ಅದರಲ್ಲಿ ನಿಮ್ಮ ಹೆಸರು ಬರೆಸಬೇಕು. ಇಎಸ್‌ಐ ಇರುವವರಾದರೆ ಮಾಲೀಕರು 12ನೇ ನಮೂನೆಯ ಅಪಘಾತ ವರದಿಯನ್ನು ನಿಗಮಕ್ಕೆ ಕೂಡಲೇ ಕಳಿಸಬೇಕು. ಕಳಿಸಿದರೇ ಎಂದು ಇಎಸ್‌ಐ ಶಾಖಾ ಕಚೇರಿಯಲ್ಲಿ ನೀವೇ ವಿಚಾರಿಸಿ. ಕಳಿಸಿಲ್ಲವಾದರೆ ನೀವೇ ಒಂದು ಅರ್ಜಿ ಬರೆದುಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆದ ಘಟನೆಯನ್ನು ಬಿಳಿ ಹಾಳೆಯಲ್ಲಿ ಬರೆದು ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುವುದೂ ಒಳ್ಳೆಯದು. ಆ ರಶೀದಿಯೇ ಮುಂದೆ ಸಾಕ್ಷಿ.

ಸಹಿ ಹಾಕುವ ಮೊದಲು

ನಮ್ಮಲ್ಲಿ ತಮಿಳು ಮಾತನಾಡಲು ಬಂದರೂ ಕಚೇರಿ ತಮಿಳನ್ನು ಓದಲು ತಡವರಿಸುವವರು ಬಹಳ. ಇಂಥ ಕಾಗದದಲ್ಲಿ ಮೂರು ಪದಗಳನ್ನು ಗಮನಿಸಿ. 'ವಿಪತ್ತು' ಎಂದರೆ ಅಲ್ಲಿ ಅಪಘಾತ. 'ಇಳಪ್ಪೀಡು' ಎಂದರೆ ಪರಿಹಾರ. 'ಸಮರಸಂ' ಎಂದರೆ ನಮ್ಮ ಸಾಮರಸ್ಯವಲ್ಲ, ರಾಜಿ. "ಪೂರ್ಣ ಪರಿಹಾರ ಪಡೆದಿದ್ದೇನೆ, ಇನ್ನು ಏನನ್ನೂ ಕೇಳುವುದಿಲ್ಲ" ಎಂಬ ಅರ್ಥದ ಸಾಲು ಇದ್ದರೆ ಸಹಿಯನ್ನೂ ಹಾಕಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ. ಖಾಲಿ ಹಾಳೆಗೆ, ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಹಾಕುವ ಮಾತೇ ಬೇಡ.

ಈಗಾಗಲೇ ಸಹಿ ಹಾಕಿದವರು ಎದೆಗುಂದಬೇಕಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಪರಿಹಾರದ ಒಪ್ಪಂದವನ್ನು ಅಧಿಕಾರಿಯ ಮುಂದೆ ನೋಂದಾಯಿಸಬೇಕು. ಮೊತ್ತ ಕಡಿಮೆ ಎನಿಸಿದರೆ, ಮೋಸ ಅಥವಾ ಒತ್ತಡದಿಂದ ಮಾಡಿಸಿದ್ದು ಎಂದು ಕಂಡರೆ ಅವರು ನೋಂದಣಿ ನಿರಾಕರಿಸಬಹುದು. ನೋಂದಣಿಯಾಗದ ಒಪ್ಪಂದ ತೋರಿಸಿ ಮಾಲೀಕರು ಪೂರ್ಣ ಮೊತ್ತದ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.

'ತಪ್ಪು ನಿನ್ನದೇ' ಎಂದರೆ

ಅಜಾಗ್ರತೆಯಿಂದ ಕೈ ಕೊಟ್ಟೆ, ಆದ್ದರಿಂದ ಪರಿಹಾರ ಇಲ್ಲ ಎಂದು ಹೇಳುವವರಿದ್ದಾರೆ. ಸಾಮಾನ್ಯ ಅಜಾಗ್ರತೆ ಹಕ್ಕನ್ನು ಕಳೆಯುವುದಿಲ್ಲ. ಮಾಲೀಕರಿಗೆ ವಿನಾಯಿತಿ ಸಿಗುವುದು ಕೆಲವೇ ಸಂದರ್ಭಗಳಲ್ಲಿ. ಕಾರ್ಮಿಕ ಕುಡಿದಿದ್ದರೆ, ಸುರಕ್ಷತೆಗಾಗಿ ಕೊಟ್ಟ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ, ಯಂತ್ರದ ಸುರಕ್ಷಾ ಗಾರ್ಡನ್ನು ಬೇಕೆಂದೇ ತೆಗೆದಿದ್ದರೆ ಮಾತ್ರ. ಅದೂ ಸಾವು ಅಥವಾ ಪೂರ್ಣ ಶಾಶ್ವತ ಊನ ಆಗಿದ್ದರೆ ಈ ವಾದ ನಡೆಯುವುದಿಲ್ಲ. ಉತ್ಪಾದನೆ ಬೇಗ ಆಗಲೆಂದು ಗಾರ್ಡನ್ನು ಕಂಪನಿಯವರೇ ತೆಗೆಸಿದ್ದರೆ ಅದು ಕಾರ್ಮಿಕನ ತಪ್ಪು ಹೇಗಾದೀತು? ಜೊತೆಯವರು ಅದನ್ನು ಹೇಳಲು ಸಿದ್ಧರಿರಬೇಕು.

ಬರುವಾಗ, ಹೋಗುವಾಗ ಅಪಘಾತವಾದರೆ

ಬೆಳಗಿನ ಜಾವ ಕಂಪನಿ ವ್ಯಾನಿನಲ್ಲಿ ಹೋಗಿ ರಾತ್ರಿ ಬರುವವರಿಗೆ ಇದು ಮುಖ್ಯ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಆಗುವ ಅಪಘಾತವೂ ಕೆಲಸದಲ್ಲಾದ ಅಪಘಾತವೇ ಎಂದು ಇಎಸ್‌ಐನಲ್ಲಿ 2010ರಿಂದ ಒಪ್ಪಲಾಗಿದೆ. ಹೊಸ ಸಂಹಿತೆ ಇದನ್ನು ಮಾಲೀಕರೇ ಪರಿಹಾರ ಕೊಡಬೇಕಾದ ಪ್ರಕರಣಗಳಿಗೂ ವಿಸ್ತರಿಸಿದೆ. ಸಮಯ, ದಾರಿ, ಜಾಗ ಕೆಲಸಕ್ಕೆ ಹೊಂದಿಕೆಯಾಗಬೇಕು ಅಷ್ಟೆ. ಶಿಫ್ಟಿನ ಸಮಯ ತೋರಿಸುವ ಕಾರ್ಡು ಇಲ್ಲಿ ಬೇಕಾಗುತ್ತದೆ.

ಜೀವವೇ ಹೋದರೆ

ಇಎಸ್‌ಐ ಇದ್ದವರ ಕುಟುಂಬಕ್ಕೆ ಸಂಬಳದ ಶೇ. 90ರಷ್ಟು ಮಾಸಿಕ ನೆರವು ಹಂಚಿಕೆಯಾಗುತ್ತದೆ. ಹೆಂಡತಿಗೆ ಜೀವಮಾನವಿಡೀ ಅಥವಾ ಮರುಮದುವೆಯವರೆಗೆ, ಗಂಡುಮಕ್ಕಳಿಗೆ 25 ವರ್ಷದವರೆಗೆ, ಹೆಣ್ಣುಮಕ್ಕಳಿಗೆ ಮದುವೆಯವರೆಗೆ. ಅಂತ್ಯಕ್ರಿಯೆಗೆ 15,000 ರೂ.ವರೆಗೆ ಸಿಗುತ್ತದೆ. ಇಎಸ್‌ಐ ಇಲ್ಲದವರಿಗೆ ಸಂಬಳದ ಶೇ. 50ನ್ನು ವಯಸ್ಸಿನ ಅಂಕದಿಂದ ಗುಣಿಸಿದ ಮೊತ್ತ. ಈ ಹಣವನ್ನು ಮಾಲೀಕರು ಅಧಿಕಾರಿಯ ಬಳಿಯೇ ಕಟ್ಟಬೇಕು. ಸಾವಿನ ಮನೆಗೆ ಬಂದು ನೇರವಾಗಿ ಕೊಟ್ಟುಹೋದ ಹಣ, ಮೂರು ತಿಂಗಳ ಸಂಬಳದಷ್ಟು ಮುಂಗಡವನ್ನು ಬಿಟ್ಟರೆ, ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ.

2025ರ ಮೇ ತಿಂಗಳಲ್ಲಿ ಪಲ್ಲಡಂ ಹತ್ತಿರದ ಕರೈಪುದೂರಿನ ಡೈಯಿಂಗ್ ಘಟಕವೊಂದರಲ್ಲಿ ಟ್ಯಾಂಕ್ ಸ್ವಚ್ಛಗೊಳಿಸಲು ಇಳಿದ ಕಾರ್ಮಿಕರು ವಿಷಗಾಳಿಗೆ ಬಲಿಯಾದರು. ಸುರಕ್ಷಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ, ಒಳಚರಂಡಿಗೆ ಆಳನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಒಳಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂ. ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಸಾಧನವಿಲ್ಲದೆ ಇಳಿಯಿರಿ ಎಂದರೆ ಇಳಿಯಬೇಡಿ.

ಹಡಗಿಗೆ ಹೋದ ಮಕ್ಕಳಿಗೂ ಇದೇ ನಿಯಮ

ಕೊಯಮತ್ತೂರು ಸುತ್ತ ಮರೈನ್ ಕೋರ್ಸು ಓದಿ ಹಡಗಿನ ಕೆಲಸಕ್ಕೆ ಹೋಗುವ ಹುಡುಗರೂ ಇದ್ದಾರೆ. ಸಮುದ್ರದ ಮೇಲೆ ಇಎಸ್‌ಐ ಇಲ್ಲ, ಆದರೆ ಹಕ್ಕು ಇದೆ. 2006ರ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದಕ್ಕೆ ಭಾರತ 2015ರ ಅಕ್ಟೋಬರ್ 9ರಂದು ಸೇರಿತು. ಅದರ ಪ್ರಕಾರ ಗಾಯಗೊಂಡ ನಾವಿಕನ ಚಿಕಿತ್ಸೆ ಮತ್ತು ಊರಿಗೆ ವಾಪಸು ಕಳಿಸುವ ಖರ್ಚು ಹಡಗಿನ ಮಾಲೀಕರದು. ಚಿಕಿತ್ಸೆ ಮತ್ತು ಸಂಬಳದ ಹೊಣೆಯನ್ನು 16 ವಾರಕ್ಕಿಂತ ಕಡಿಮೆ ಮಾಡುವಂತಿಲ್ಲ. ಇಲ್ಲೂ ಮೊದಲ ದಿನದ ಕಾಗದವೇ ಮುಖ್ಯ. ಅಪಘಾತವನ್ನು ಕ್ಯಾಪ್ಟನ್‌ಗೆ ತಿಳಿಸಿ ಲಾಗ್ ಪುಸ್ತಕದಲ್ಲಿ ಬರೆಸಬೇಕು, ಬಂದರಿನ ಡಾಕ್ಟರ ವರದಿ ಇಟ್ಟುಕೊಳ್ಳಬೇಕು. ಕೆಲಸದ ಒಪ್ಪಂದದ ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ. ಮುಂಬಯಿಯ ಹಡಗು ಮಹಾನಿರ್ದೇಶನಾಲಯದ ಪರವಾನಗಿ ಇರುವ ಏಜೆನ್ಸಿಯ ಮೂಲಕ ಹೋದವರಿಗೆ ಮಾತ್ರ ಹಿಂದೆ ನಿಂತು ಕೇಳಲು ಸುಲಭ. ಪರವಾನಗಿ ಇಲ್ಲದ ಏಜೆಂಟನ ಕೈಗೆ ಲಕ್ಷಗಟ್ಟಲೆ ಕೊಟ್ಟು ಹೋದವರು ಪೆಟ್ಟಾದಾಗ ಯಾರ ಬಾಗಿಲನ್ನೂ ತಟ್ಟಲಾಗದೆ ಉಳಿಯುತ್ತಾರೆ.

ಎಲ್ಲಿ ಕೇಳಬೇಕು, ಯಾವಾಗ ಕೇಳಬೇಕು

ಇಎಸ್‌ಐ ವಿಷಯಕ್ಕೆ ನಿಮ್ಮ ಹತ್ತಿರದ ಶಾಖಾ ಕಚೇರಿ. ಕೊಯಮತ್ತೂರಿನಲ್ಲಿ ಉಪ ಪ್ರಾದೇಶಿಕ ಕಚೇರಿಯೂ ಇದೆ. ಶುಲ್ಕವಿಲ್ಲದ ದೂರವಾಣಿ 1800-11-2526. ಮಾಲೀಕರಿಂದ ಪರಿಹಾರ ಪಡೆಯಬೇಕಾದವರು ಕಾರ್ಮಿಕ ಇಲಾಖೆಯ ಅಧಿಕಾರಿಗೆ ಅರ್ಜಿ ಕೊಡಬೇಕು. ಅಪಘಾತವಾದ ಎರಡು ವರ್ಷದೊಳಗೆ ಕೊಡುವುದು ಅಗತ್ಯ. ಅಪಘಾತವಾದ ಜಿಲ್ಲೆಯಲ್ಲೇ ಕೊಡಬೇಕೆಂದಿಲ್ಲ, ನೀವು ವಾಸವಿರುವ ಊರಿನ ಅಧಿಕಾರಿಗೂ ಕೊಡಬಹುದು. ಗಾಯಗೊಂಡು ಚಾಮರಾಜನಗರದ ಊರಿಗೆ ಮರಳಿದವರು ಪ್ರತಿ ವಿಚಾರಣೆಗೂ ತಿರುಪ್ಪೂರಿಗೆ ಅಲೆಯಬೇಕಾಗಿಲ್ಲ, ಅಲ್ಲೇ ಕನ್ನಡದಲ್ಲಿ ಅರ್ಜಿ ಕೊಡಬಹುದು.

ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ಉಚಿತ ವಕೀಲರ ನೆರವು ಇದೆ. ದೂರವಾಣಿ 15100. ಯಂತ್ರಕ್ಕೆ ಗಾರ್ಡ್ ಇಲ್ಲ, ಸುರಕ್ಷತೆ ಇಲ್ಲ ಎಂಬ ದೂರನ್ನು ರಾಜ್ಯದ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯದ ಅಧಿಕಾರಿಗಳಿಗೆ ಕೊಡಬಹುದು.

ಮನೆಯಲ್ಲಿ ಮಗ್ಗ ಇಟ್ಟುಕೊಂಡು ತಾವೇ ನೇಯುವವರಿಗೆ ಮಾಲೀಕರೆಂಬವರೇ ಇಲ್ಲ. ಅವರು ತಮಿಳುನಾಡಿನ ನೇಕಾರ ಕಲ್ಯಾಣ ಮಂಡಳಿಗಳಲ್ಲಿ ಹೆಸರು ನೋಂದಾಯಿಸಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂ. ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸೇರಿಕೊಳ್ಳಬೇಕು. ಅಪಘಾತದಲ್ಲಿ ಸತ್ತರೆ 2 ಲಕ್ಷ ರೂ., ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ 1 ಲಕ್ಷ ರೂ. ಸಿಗುತ್ತದೆ.

ಕೊನೆಯದಾಗಿ, ಪೆಟ್ಟಾದ ಮೇಲೆ ಹುಡುಕುವ ಬದಲು ಇಂದೇ ಒಂದು ಕವರಿನಲ್ಲಿ ಹಾಕಿಡಬೇಕಾದವು: ನೇಮಕ ಪತ್ರ ಅಥವಾ ಕಂಪನಿ ಗುರುತಿನ ಚೀಟಿ, ಇಎಸ್‌ಐ ನಂಬರ್, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಅಥವಾ ಪಾಸ್‌ಬುಕ್ ಪುಟ, ವಯಸ್ಸಿನ ದಾಖಲೆ, ಗುತ್ತಿಗೆದಾರನ ಮತ್ತು ಮೂಲ ಕಂಪನಿಯ ಪೂರ್ತಿ ಹೆಸರು, ವಿಳಾಸ. ಆ ಕವರು ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ಪೆಟ್ಟಾದ ದಿನ ಅದನ್ನು ತೆರೆಯಬೇಕಾದವರು ಅವರೇ.